ತೆಗೆದ ಕೈಯೇ ಹಾಕಬೇಕು

ಎಡಗಿಸೆಯಿಂದ ಎರಡು, ಬಲಗಿಸೆಯಿಂದ ಒಂದು. ಮೂರು ಪಿಂಗಾಣಿ ಫ್ಯೂಜುಗಳನ್ನು ಜಾಹೀದ ತಂದೆಯ ಅಂಗಿಯಿಂದ ತೆಗೆದು ಕಿಟಕಿಯ ಗೂಡಿನಲ್ಲಿ ಸಾಲಾಗಿ ಇಟ್ಟ. ಆಮೇಲೆ ಅಂಗಿಯ ಗುಂಡಿಗಳನ್ನು ಬಿಚ್ಚತೊಡಗಿದ. ಮಯ್ಯತಕ್ಕೆ, ತಂದೆಯ ಶವಕ್ಕೆ, ಸ್ನಾನ ಮಾಡಿಸಬೇಕಿತ್ತು, ನಲ್ಲಿಯಲ್ಲಿ ನೀರಿರಲಿಲ್ಲ. ಯಳವತ್ತಿ ಊರಿನ ಕರೆಂಟು ಅಷ್ಟೂ ಆ ಗೂಡಿನಲ್ಲಿ ಇತ್ತು.

ಜಾಹೀದನ ತಂದೆ ಇಸ್ಮಾಯಿಲಸಾಬ ಊರಿನ ವಿದ್ಯುತ್ ಸಹಕಾರ ಸಂಘದ ಲೈನ್‌ಮನ್. ನಿವೃತ್ತನಾಗಿ ಏಳು ವರ್ಷವಾಗಿದ್ದರೂ ಜನ ಕರೆಯುವುದನ್ನು ಬಿಟ್ಟಿರಲಿಲ್ಲ, ಅವನು ಹೋಗುವುದನ್ನೂ ಬಿಟ್ಟಿರಲಿಲ್ಲ. ಹಿಂದಿನ ದಿನ ಇಳಿಹೊತ್ತಿನಲ್ಲಿ ಎಲ್ಲಿಯೋ ಕಂಬ ಹತ್ತಿ ಇಳಿದು ಮನೆಗೆ ಬಂದವನು, ಎದೆ ಯಾಕೋ ಬಿಗಿದಂತಿದೆ ಎಂದು ಕಟ್ಟೆಯ ಮೇಲೆ ಕುಳಿತ. ಕೆಲಸ ಅರ್ಧವಾಗಿದೆ, ಬೀದಿದೀಪದ ಸ್ವಿಚ್ಚು ಹಾಕಿಯೇ ಬಂದಿದ್ದೇನೆ, ಚಹಾ ಕುಡಿದು ಹೋಗಿ ಉಳಿದದ್ದನ್ನು ಮುಗಿಸಿ ಫ್ಯೂಜು ಕೂಡ್ರಿಸಿದರೆ ಊರು ಬೆಳಕಾಗುತ್ತದೆ ಎಂದು ಹೆಂಡತಿ ಮಾಸುಮಬಿಗೆ ಹೇಳಿದ. ಚಹಾ ಅರ್ಧ ಕುಡಿದಿದ್ದ, ಅಷ್ಟರಲ್ಲಿ ಜೀವ ಹೋಯಿತು. ಯಾವ ಕಂಬ ಎಂದು ಹೇಳಲಿಲ್ಲ, ಆಕೆಯೂ ಕೇಳಲಿಲ್ಲ.

ಬೆಳಗಾಗುತ್ತಲೇ ಓಣಿಯ ಹೆಂಗಸರು ಹಳೆಯ ಬಾವಿಯಿಂದ ಕೊಡಗಳಲ್ಲಿ ನೀರು ಹೊತ್ತು ತಂದರು. ಸ್ನಾನಕ್ಕೆ ಅದು ಸಾಕಾಯಿತು. ಆದರೆ ಗದಗ, ಮುಂಡರಗಿ, ಶಿರಹಟ್ಟಿಗಳಿಂದ ಮಂದಿ ಬರುತ್ತಲೇ ಇದ್ದರು. ಸಂಘದ ಪಂಚರಲ್ಲಿ ಒಬ್ಬನಾದ ಹಿಟ್ಟಿನ ಗಿರಣಿಯ ಯಮನೂರಪ್ಪನಿಗೆ ಇದನ್ನು ನೋಡಿ ಸುಮ್ಮನಿರಲಾಗಲಿಲ್ಲ. ಗೇಣುದ್ದದ ತಾಮ್ರದ ತಂತಿಗಳನ್ನು ಕೈಯಲ್ಲಿ ಹಿಡಿದು ಅಂಗಳಕ್ಕೆ ಬಂದ. ಟ್ರಾನ್ಸ್‌ಫಾರ್ಮರಿನ ಪೆಟ್ಟಿಗೆಯಲ್ಲಿ, ಫ್ಯೂಜಿನ ಜಾಗಕ್ಕೆ ಇವನ್ನು ಸಿಗಿಸಿದರೆ ಮೋಟರು ತಿರುಗುತ್ತದೆ, ನೀರಿನ ಟಾಕಿ ತುಂಬುತ್ತದೆ ಎಂಬುದು ಅವನ ಲೆಕ್ಕ.

“ಜೀವ ಇರೋತನಕ ಊರಿಗೆ ಬೆಳಕ ಕೊಟ್ಟಾಂವ. ಅಂವನ ಮನ್ಯಾಗ ಕುಡಿಯಾಕ ನೀರಿಲ್ಲಂದ್ರ ಹೆಂಗ?” ಎಂದ.

ಅವನಿಗೆ ಅಡ್ಡ ನಿಂತವಳು ವಿದ್ಯಾಶ್ರೀ. ಬೆಟಗೇರಿಯ ನೇಕಾರರ ಮಗಳು. ಸಂಘದ ಹೊಸ ಲೈನ್ ಕೆಲಸಗಾರ್ತಿ. ಅಣ್ಣನ ನಿಶ್ಚಿತಾರ್ಥಕ್ಕೆಂದು ಎರಡು ದಿನ ರಜೆ ಹಾಕಿ ಹೋಗಿದ್ದವಳು, ಸುದ್ದಿ ಕೇಳಿ ಮೊದಲ ಬಸ್ಸಿಗೇ ಬಂದಿದ್ದಳು.

“ಕಾಕಾ ಎಲ್ಲಿ ಕೆಲಸ ಬಿಟ್ಟಾರ ಗೊತ್ತಿಲ್ರಿ ಅಣ್ಣಾರ. ಲೈನ್ ನೋಡದ ಹಾಕಬಾರದು.”

“ನೋಡ ತಂಗಿ, ನೀ ಬಂದು ಆರು ತಿಂಗಳಾತು. ನಾ ಗಿರಣಿ ನಡಸಾಕ ಹತ್ತಿ ಇಪ್ಪತ್ತು ವರ್ಷ ಆತು. ಕರೆಂಟಿನ ಗುಣ ನನಗೂ ಗೊತ್ತೈತಿ.”

“ನಿಮಗ ಗಿರಣಿಕಲ್ಲಿನ ಗುಣ ಗೊತ್ತಿರಬೇಕ್ರಿ, ಕರೆಂಟಿಂದಲ್ಲ,” ಎಂದಳು ವಿದ್ಯಾಶ್ರೀ.

ಮೂಲೆಯಲ್ಲಿ ಯಾರೋ ನಕ್ಕು, ಸಾವಿನ ಮನೆ ಎಂಬುದು ನೆನಪಾಗಿ ಕೆಮ್ಮಿದರು.

*

ಆರು ತಿಂಗಳ ಹಿಂದೆ, ಕೆಲಸಕ್ಕೆ ಸೇರಿದ ಮೊದಲ ದಿನ, ಇಸ್ಮಾಯಿಲಸಾಬ ಅವಳಿಗೆ ಕಂಬ ಹತ್ತುವುದನ್ನು ಕಲಿಸಲಿಲ್ಲ. ಅವಳ ಸಮವಸ್ತ್ರದ ಕಿಸೆಯನ್ನು ನೋಡಿ, ಇದು ಸಣ್ಣದಾಯಿತು, ದೊಡ್ಡದು ಹೊಲಿಸಿಕೊಂಡು ಬಾ ಎಂದು ತಿರುಗಿ ಕಳಿಸಿದ. ಮರುದಿನ ಕಾರಣ ಹೇಳಿದ. ಕಂಬ ಹತ್ತುವ ಮೊದಲು ಫ್ಯೂಜು ತೆಗೆದು ಕಿಸೆಯಲ್ಲಿ ಇಟ್ಟುಕೊಳ್ಳಬೇಕು. ಪೆಟ್ಟಿಗೆಯ ಮೇಲೆ ಇಡಬಾರದು, ಇನ್ನೊಬ್ಬರ ಕೈಗೆ ಕೊಡಬಾರದು. ತೆಗೆದ ಕೈಯೇ ಹಾಕಬೇಕು, ಏಕೆಂದರೆ ಮೇಲೆ ಏನು ಬಿಚ್ಚಿದೆ ಎಂಬುದು ಆ ಕೈಗೆ ಮಾತ್ರ ಗೊತ್ತು.

ಆರು ತಿಂಗಳಲ್ಲಿ ಅವಳು ನೂರು ಸಲ ಕಂಬ ಹತ್ತಿದ್ದಳು. ಫ್ಯೂಜು ಮಾತ್ರ ಪ್ರತಿಸಲ ಅವನ ಕಿಸೆಯಲ್ಲೇ ಇರುತ್ತಿತ್ತು. ಒಮ್ಮೆ ಅವಳು ಬಾಯಿಬಿಟ್ಟು ಕೇಳಿದಳು: ನನ್ನ ಕೈಗೆ ಎಂದು ಬರುತ್ತದೆ?

“ಬರತೈತಿ. ಮಗ್ಗದ ಮುಂದ ಕುಂತ ಮೊದಲನೇ ದಿನಾನ ನಿಮ್ಮಪ್ಪ ನಿನಗ ರೇಶಿಮಿ ಕೊಟ್ಟಿದ್ನೇನು?” ಎಂದಿದ್ದ.

*

ಅಂಗಳದ ಮಾತು ಒಳಗೆ ಕೇಳಿಸಿತ್ತು. ಮಾಸುಮಬಿ ಸೆರಗನ್ನು ಹಣೆಯವರೆಗೆ ಎಳೆದುಕೊಂಡು ಹೊಸ್ತಿಲಿಗೆ ಬಂದಳು. ಮುಚ್ಚಿದ ಅವಳ ಅಂಗೈಯಲ್ಲಿ ಮೂರು ಫ್ಯೂಜುಗಳಿದ್ದವು.

“ಇಷ್ಟು ವರ್ಷ ಅವ್ರ ಅಂಗಿ ನಾನ ಒಗದೀನಿ,” ಎಂದಳು. “ಒಗಿಯೂಕಿಂತ ಮೊದಲ ಕಿಸೆ ಮುಟ್ಟಿ ನೋಡ್ತಿದ್ದೆ. ಇವು ಕೈಗೆ ಹತ್ತಿದ್ವಂದ್ರ ಕೆಲಸ ಇನ್ನೂ ಬಾಕಿ ಐತಿ ಅಂತ.” ಕೈಯನ್ನು ವಿದ್ಯಾಶ್ರೀಯ ಕಡೆಗೆ ಚಾಚಿದಳು. “ಲೈನ್ ಕಡೀತನಕ ನಡದು ನೋಡು. ನೋಡಿ ನೀನ ಹಾಕು.”

“ತಗದ ಕೈನ ಹಾಕಬೇಕಂತಿದ್ರ ಕಾಕಾ...”

“ಈಗ ಗೂಡಿನಾಗಿಂದ ನಾ ತಗದು ನಿನಗ ಕೊಟ್ಟೆನಲ್ಲ, ಯವ್ವಾ.”

ವಿದ್ಯಾಶ್ರೀ ಫ್ಯೂಜುಗಳನ್ನು ದೊಡ್ಡ ಕಿಸೆಗೆ ಹಾಕಿಕೊಂಡಳು. ಮಧ್ಯಾಹ್ನದ ಜೋಹರ್ ನಮಾಜಿನ ನಂತರ ಜನಾಜಾ, ಶವಯಾತ್ರೆ, ಹೊರಡುವುದಿತ್ತು, ಅಷ್ಟರೊಳಗೆ ಮರಳಬೇಕು. ಹೊರಡುವ ಮೊದಲು ಯಮನೂರಪ್ಪನ ಕಡೆ ತಿರುಗಿದಳು.

“ನೀವೂ ಬರ್ರಿ ಅಣ್ಣಾರ. ನಿಮ್ಮನ್ನ ಇಲ್ಲೇ ಬಿಟ್ಟು ಹೋದ್ರ ನನ್ನ ಜೀವ ಆ ಪೆಟಗಿ ಹಂತ್ಯಾಕ ಇರತೈತಿ.”

ಗೊಣಗುತ್ತ, ತಾಮ್ರದ ತಂತಿಗಳನ್ನು ಅಂಗಿಯ ಜೇಬಿಗೆ ತುರುಕಿಕೊಂಡು, ಅವನು ಹಿಂದೆ ನಡೆದ.

*

ಯಳವತ್ತಿಯ ಕಂಬಗಳಿಗೆ ಕಾಗದದಲ್ಲಿ ನಂಬರುಗಳಿವೆ. ಜನರ ಬಾಯಲ್ಲಿ ಹೆಸರುಗಳಿವೆ. ಅದಕ್ಕೆ ಕಾರಣವಾದ ಸಂಗತಿಯನ್ನು ಹಿರಿಯರು ಎರಡು ರೀತಿ ಹೇಳುತ್ತಾರೆ. ಸಂಘ ಕಟ್ಟಿದ ವರ್ಷ ಕಂಬಗಳು ಬಂದು ಬಿದ್ದಿದ್ದವು, ಗುಂಡಿ ತೋಡುವ ಗುತ್ತಿಗೆದಾರ ಬರಲಿಲ್ಲ, ಆದ್ದರಿಂದ ಮನೆಗೊಂದು ಗುಂಡಿ ಎಂದು ಊರವರೇ ಹಂಚಿಕೊಂಡರು ಎಂದು ಕೆಲವರು. ಗುತ್ತಿಗೆದಾರ ಬಂದಿದ್ದ, ಊರವರೇ ಬೇಡವೆಂದರು, ನಮ್ಮ ಬೆಳಕಿಗೆ ನಾವೇ ತೋಡುತ್ತೇವೆ ಎಂದು ಕಳಿಸಿದರು ಎಂದು ಇನ್ನು ಕೆಲವರು. ಎರಡನೆಯದು ಆಮೇಲೆ ಬೆಳೆದ ಮಾತಿರಬಹುದು. ಎರಡರಲ್ಲಿಯೂ ಸಮನಾಗಿ ಬರುವ ಭಾಗ ಸಾವಂತ್ರೆವ್ವನದು. ಆಗಷ್ಟೇ ಮದುವೆಯಾಗಿ ಊರಾಚೆಯ ಕರಿಮಣ್ಣಿನ ಎರಿಹೊಲದ ಒಂಟಿ ಮನೆಗೆ ಬಂದ ಸೊಸೆ ಅವಳು. ಅಷ್ಟು ದೂರ ಯಾರು ಗುಂಡಿ ತೋಡುತ್ತಾರೆ ಎಂದು ಪಂಚರು ಆ ಮನೆಯನ್ನು ಕೈಬಿಟ್ಟಾಗ, ಅವಳು ಸೆರಗು ಬಿಗಿದು ಸಲಿಕೆ ಹಿಡಿದಳು. ಕೂಲಿಗೆ ಬಂದಿದ್ದ ಇಪ್ಪತ್ತರ ಇಸ್ಮಾಯಿಲಸಾಬ ಹಾರೆ ತೆಗೆದುಕೊಂಡು ಅವಳ ಗುಂಡಿಗೆ ಹೋದ. ಅವರಿಬ್ಬರು ತೋಡಿದ್ದು ಹತ್ತು ಗುಂಡಿ ಎಂದು ಒಬ್ಬರು, ಹನ್ನೊಂದು ಎಂದು ಒಬ್ಬರು. ಆ ದಾರಿಯ ಕಂಬಗಳು ಇಂದಿಗೂ ನಿಂತಿವೆ, ಎಣಿಸಿದರೆ ಹನ್ನೊಂದು. ಕೊನೆಯದಕ್ಕೆ ಸಾವಂತ್ರೆವ್ವನ ಕಂಬ ಎಂದು ಹೆಸರು. ಅದೇ ವರ್ಷ ಅವನನ್ನು ಸಂಘ ಕೆಲಸಕ್ಕೆ ಇಟ್ಟುಕೊಂಡಿತು.

*

ಊರೊಳಗಿನ ಕಂಬಗಳೆಲ್ಲ ಸರಿಯಾಗಿದ್ದವು. ಇಬ್ಬರೂ ಕತ್ತೆತ್ತಿ ನೋಡುತ್ತ ಎರಿಹೊಲದ ದಾರಿ ಹಿಡಿದರು. ಒಂದೊಂದು ಕಂಬ ದಾಟಿದಾಗಲೂ ಯಮನೂರಪ್ಪ, ಏನೂ ಆಗಿಲ್ಲ ನೋಡು, ಸುಮ್ಮನೆ ಹೊತ್ತು ಹೋಯಿತು ಎಂದು ಹೇಳುತ್ತ ಬಂದ. ಹತ್ತನೆಯ ಕಂಬ ದಾಟಿದ ಮೇಲೆ ಹುಬ್ಬಿಗೆ ಕೈ ಅಡ್ಡ ಹಿಡಿದು ಮುಂದೆ ನೋಡಿದ.

ಕೊನೆಯ ಕಂಬಕ್ಕೆ ಇಸ್ಮಾಯಿಲಸಾಬನ ಬಿದಿರು ಏಣಿ ಒರಗಿಕೊಂಡೇ ಇತ್ತು. ಮೇಲಿಂದ ಬಿಚ್ಚಿದ ತಂತಿ, ಆ ಕಡೆಯ ತುದಿ ಲೈನಿನಲ್ಲೇ ಇದ್ದಂತೆ, ಇಳಿದು ಬಂದು, ಅಂಗಳ ದಾಟಿ, ಅದರ ತುದಿ ಬೇವಿನ ಮರದ ಟೊಂಗೆಗೆ ಸುತ್ತಿಕೊಂಡಿತ್ತು. ಅದರ ಮೇಲೆ ಒಂದು ದೊಡ್ಡ ಕೌದಿ ಒಣಗಲು ಹಾಕಿತ್ತು. ಹಸಿ ಕೌದಿ, ಅಂಚಿನಿಂದ ಇನ್ನೂ ನೀರು ತೊಟ್ಟಿಕ್ಕುತ್ತಿತ್ತು. ಸಾವಂತ್ರೆವ್ವ ಎರಡೂ ಕೈಗಳಿಂದ ಅದರ ಸುಕ್ಕು ಬಿಡಿಸುತ್ತಿದ್ದಳು.

ಯಮನೂರಪ್ಪ ಜೇಬಿನ ತಾಮ್ರದ ತಂತಿಗಳನ್ನು ಮುಟ್ಟಿಕೊಂಡು ಅಲ್ಲಿಯೇ ನೆಲಕ್ಕೆ ಕುಳಿತ.

“ಯಾಕಲೇ ಯಮನೂರ್ಯಾ, ಬಿಸಲ ಹತ್ತಿತೇನು?” ಎಂದಳು ಸಾವಂತ್ರೆವ್ವ.

ಈ ತಂತಿಗೆ ಯಾಕೆ ಹಾಕಿದಿರಿ ಎಂದು ವಿದ್ಯಾಶ್ರೀ ಕೇಳಿದಾಗ ಅವಳಿಗೆ ಆ ಪ್ರಶ್ನೆಯೇ ವಿಚಿತ್ರವಾಗಿ ಕಂಡಿತು.

“ಇಸ್ಮಾಯಿಲ ತಗದ ತಂತಿ, ಯವ್ವಾ. ಫ್ಯೂಜ್ ಅಂವನ ಕಿಸೆದಾಗ ಅದಾವು. ಚಾ ಕುಡದು ಬರ್ತೀನಿ, ತಂತಿ ಮುಟ್ಟಬ್ಯಾಡ ಅಂದಿದ್ದ. ಅಂವ ಬರೂತನಕ ಕರೆಂಟ್ ಬರೂದಿಲ್ಲಲ್ಲ, ನನಗ್ಯಾತರ ಅಂಜಿಕಿ?”

ಒಂಟಿ ಮನೆಗೆ ಸುದ್ದಿ ಮುಟ್ಟಿರಲಿಲ್ಲ. ವಿದ್ಯಾಶ್ರೀ ಮೊದಲು ಅವಳ ಕೈಯನ್ನು ಕೌದಿಯಿಂದ ಬಿಡಿಸಿ ಹಿಡಿದುಕೊಂಡಳು, ಆಮೇಲೆ ಹೇಳಿದಳು. ಸಾವಂತ್ರೆವ್ವ ಏಣಿಯ ಕಡೆ ನೋಡಿದಳು. ಕೌದಿಯನ್ನು ತೆಗೆದು, ನಾಲ್ಕು ಮಡಿಕೆ ಮಾಡಿ, ಹೆಗಲಿಗೆ ಹಾಕಿಕೊಂಡಳು.

“ನಿನ್ನೆ ಏಣಿ ಇಳಿದಾಂವ ಎದಿ ತಿಕ್ಕೋತ ನಿಂತಿದ್ದ,” ಎಂದಳು. “ಬಿಡೋ, ನಾಳಿಗೆ ಮಾಡಿದ್ರಾತು ಅಂದೆ. ನಿನ್ನ ಮನ್ಯಾಗ ಬಾಣಂತಿ ಅದಾಳ, ಕತ್ತಲಾಗ ಇಡಬಾರದು ಅಂದ.”

ವಿದ್ಯಾಶ್ರೀ ಏಣಿ ಹತ್ತಿದಳು. ಯಮನೂರಪ್ಪ ಎದ್ದು, ಹೇಳಿಸಿಕೊಳ್ಳದೆ ಹಗ್ಗ ಹಿಡಿದು ಕೆಳಗಿನಿಂದ ತಂತಿಯನ್ನು ಬಿಗಿಯಾಗಿ ಎಳೆದ. ಅವನ ಅಂಗೈ ತರಚಿತು, ಸಡಿಲ ಬಿಡಲಿಲ್ಲ. ಮೇಲೆ ಅವಳು ಕಟ್ಟುತಂತಿಯನ್ನು ಕಂಬದ ಪಿಂಗಾಣಿ ಇನ್ಸುಲೇಟರಿನ ಕೊರಳಿಗೆ ಸುತ್ತು ಹಾಕಿ ಬಿಗಿದಳು. ಕಡಿದ ಎಳೆಗಳನ್ನು ಮಗ್ಗದಲ್ಲಿ ಚಿಕ್ಕಂದಿನಿಂದ ಕಟ್ಟಿದ ಬೆರಳುಗಳು ಅವು, ಎಲ್ಲಿಯೂ ತಡವರಿಸಲಿಲ್ಲ. ಇಳಿಯುವ ಮೊದಲು ಒಮ್ಮೆ ಜಗ್ಗಿ ನೋಡಿದಳು. ಅದು ಇಸ್ಮಾಯಿಲಸಾಬನ ರೂಢಿ.

ಹಿಂದಿರುಗುವ ದಾರಿಯಲ್ಲಿ ಯಮನೂರಪ್ಪ ಜೇಬಿನ ತಾಮ್ರದ ತಂತಿಗಳನ್ನು ಒಂದೊಂದಾಗಿ ತೆಗೆದು, ಮಡಿಸಿ, ಮುರಿದು ಹುಲ್ಲಿನಲ್ಲಿ ಎಸೆದ.

ಸಾವಂತ್ರೆವ್ವನೊಂದಿಗೆ ಅವರು ಊರು ಮುಟ್ಟುವ ಹೊತ್ತಿಗೆ ಜನಾಜಾ ಹೊರಟಿತ್ತು. ಬೆಳಗಿನಿಂದ ಖಬರಸ್ತಾನದಲ್ಲಿ ಗೋರಿಯ ಗುಂಡಿ ತೋಡಿದವರಲ್ಲಿ, ಒಂದು ಕಾಲಕ್ಕೆ ಅವನ ಜೊತೆ ಕಂಬದ ಗುಂಡಿ ತೋಡಿದ ಮೂರು ಮನೆಗಳ ಮಕ್ಕಳಿದ್ದರು. ಯಮನೂರಪ್ಪ ಓಡಿ ಹೋಗಿ, ತರಚಿದ ಕೈಯಿಂದಲೇ ಹೆಗಲು ಕೊಟ್ಟ. ಸಾವಂತ್ರೆವ್ವ ಮಾಸುಮಬಿಯ ಪಕ್ಕದಲ್ಲಿ ಹೊಸ್ತಿಲ ಮೇಲೆ ಕುಳಿತಳು. ವಿದ್ಯಾಶ್ರೀ ಟ್ರಾನ್ಸ್‌ಫಾರ್ಮರಿನ ಹತ್ತಿರ ಹೋದಳು.

ಪೆಟ್ಟಿಗೆಯ ಬಾಗಿಲು ತೆರೆದು, ಕಿಸೆಯಿಂದ ಮೊದಲ ಫ್ಯೂಜು ತೆಗೆದಳು. ಅದು ಅವಳ ಮೈಯ ಬಿಸಿಗೆ ಬೆಚ್ಚಗಾಗಿತ್ತು. ಕೂಡ್ರಿಸಿದಳು. ಎರಡನೆಯದು. ಮೂರನೆಯದು. ದೊಡ್ಡ ಸ್ವಿಚ್ಚನ್ನು ಮೇಲೆತ್ತಿದಳು.

ಎಲ್ಲಿಯೋ ಮೋಟರು ಗುರುಗುಟ್ಟಿತು. ಜಾಹೀದನ ಮನೆಯ ಅಂಗಳದಲ್ಲಿ, ಬೆಳಗಿನಿಂದ ತೆರೆದೇ ಇದ್ದ ನಲ್ಲಿ ಕೆಮ್ಮಿ, ಗಾಳಿ ಉಗುಳಿ, ನೀರು ಬಿಟ್ಟಿತು.

ಮಣ್ಣು ಕೊಟ್ಟು ಮರಳುತ್ತಿದ್ದವರು ಖಬರಸ್ತಾನದ ತಿರುವಿನಲ್ಲಿ ನಿಂತರು. ಉರಿಬಿಸಿಲಿನಲ್ಲಿ ಬೀದಿದೀಪಗಳು ಒಂದೂ ಬಿಡದೆ ಹತ್ತಿಕೊಂಡಿದ್ದವು, ಊರಿನ ನಡುವಿನಿಂದ ಎರಿಹೊಲದವರೆಗೆ. ಹಿಂದಿನ ಸಂಜೆ ಇಸ್ಮಾಯಿಲಸಾಬ ಹಾಕಿಟ್ಟಿದ್ದ ಸ್ವಿಚ್ಚು ಹಾಗೆಯೇ ಇತ್ತು. ಜಾಹೀದ ಮನೆಯ ಮುಂದಿನ ಕಂಬದ ಹತ್ತಿರ ಬಂದು, ಮಣ್ಣು ಮೆತ್ತಿದ ಕೈಯನ್ನು ಸ್ವಿಚ್ಚಿನ ಕಡೆ ಎತ್ತಿದ. ಹೊಸ್ತಿಲ ಮೇಲಿನ ತಾಯಿ ತನ್ನನ್ನೇ ನೋಡುತ್ತಿರುವುದು ಕಂಡಿತು.

ಅವನು ಕೈ ಇಳಿಸಿ, ದೀಪಗಳನ್ನು ಉರಿಯಲು ಬಿಟ್ಟು, ನಲ್ಲಿಯ ಕಡೆಗೆ ನಡೆದ.