ಉಡಿದಾರದ ಗೆರೆ

ಸ್ಕ್ಯಾನಿಗೆಂದು ಸವರಿದ ಲೋಳೆಯನ್ನು ಒರೆಸಿದ ಮೇಲೂ ಕೂಸಿನ ಹೊಟ್ಟೆ ಹೊಳೆಯುತ್ತಲೇ ಇದೆ, ಟ್ಯೂಬ್‌ಲೈಟಿನ ಬೆಳಕು ಅದರ ಮೇಲೆ ಉದ್ದಕ್ಕೆ ಮಲಗಿದೆ, ಅದರ ಕೆಳಗೆ ಸೊಂಟದ ಸುತ್ತ ಆ ಗೆರೆ — ಬೋರಮ್ಮ ಕಣ್ಣು ತಪ್ಪಿಸಿ ಕಿಟಕಿಯಾಚೆ ನೋಡುತ್ತಾಳೆ, ಕನಕಪುರದ ಬಸ್ಸುಗಳು ಹೋಗುತ್ತಿವೆ, ಇಷ್ಟು ಹೊತ್ತಿಗೆ ಹಣ್ಣಾದ ರೇಷ್ಮೆ ಹುಳುಗಳನ್ನು ಗೂಡು ಕಟ್ಟಲು ಚಂದ್ರಿಕೆಗೆ ಬಿಡಬೇಕಿತ್ತು, ಮಗ ಅನಂತರಾಜು ಮನೆಯಲ್ಲಿ ಒಬ್ಬನೇ ಏನು ಮಾಡುತ್ತಿದ್ದಾನೋ, ಕತ್ತರಿಯ ತುದೀನೂ ತೂರ್ತಿಲ್ವಲ್ಲಜ್ಜಿ, ಇಷ್ಟು ಬಿಗಿಯಾಗಿ ಯಾರು ಕಟ್ಟಿದ್ರು, ಎಂದಿದ್ದಳು ನರ್ಸು, ಉಡಿದಾರ ಕತ್ತರಿಸುವಾಗ, ನಗುತ್ತಲೇ. ಬಿಗಿಯಾಗಿ ಕಟ್ಟಿರಲಿಲ್ಲ ಕಣವ್ವ, ಎರಡು ಬೆರಳು ಆಡುವಷ್ಟು ಸಡಿಲವಿತ್ತು — ಎನ್ನಬೇಕೆಂದವಳು ತುಂಡಾದ ದಾರವನ್ನು ಎತ್ತಿಕೊಂಡಳು. ಕತ್ತರಿಸಿದ ಕರಿದಾರ ಈಗ ಮುಷ್ಟಿಯಲ್ಲಿದೆ, ಬೆರಳು ತಾನಾಗಿಯೇ ಸವರುತ್ತದೆ, ಹಳೆಯ ಗಂಟು ಕೂತಿದ್ದ ಕಡೆಯಲ್ಲೆಲ್ಲ ದಾರ ಮುರುಟಿದೆ, ಒಂದು, ಎರಡು, ಮೂರು. ಹುಳುಗಳು ಎರಡನೇ ಸಲ ಪೊರೆ ಬಿಟ್ಟ ದಿನ ಕೂಸಿಗೆ ನೀರು ಹಾಕುವಾಗ ಮೊದಲ ಸಲ ಬಿಚ್ಚಿ ಸಡಿಲಿಸಿದ್ದು, ಮೂರನೇ ಪೊರೆಗೆ ಇನ್ನೊಮ್ಮೆ, ನಾಲ್ಕನೆಯದಕ್ಕೆ ಮತ್ತೊಮ್ಮೆ, ಪ್ರತಿ ಸಲವೂ ಹಿಗ್ಗಿನಿಂದ, ನೋಡೇ ಭಾನು, ನನ್ನ ರಾಗಿ ಸರಿ ತಿಂದು ನಿನ್ ಮಗ್ಳು ಹೆಂಗೆ ತುಂಬ್ಕತಾವ್ಳೆ. ಕೈಕಾಲು ಕಡ್ಡಿ ಕಡ್ಡಿನೇ ಅವಲ್ಲತ್ತೆ. ಬಾಯ್ ಮುಚ್ಚೇ, ಹೆತ್ತೋಳ ಕಣ್ಣೇ ಮೊದ್ಲು ತಾಕೋದು. ದಾರ ಬಿಚ್ಚಿದ್ದನ್ನು ಮಾತ್ರ ಸೊಸೆಗೆ ಹೇಳಲಿಲ್ಲ, ಬೆಳೆಯುವ ಕೂಸಿನ ಅಳತೆಯನ್ನು ಬಾಯಿಬಿಟ್ಟು ಆಡಬಾರದು. ಆರು ತಿಂಗಳಿಗೇ ತಲೆ ದಪ್ಪವಾಗಿ, ಬೆಂಗಳೂರಿನಲ್ಲಿ ಕುಯ್ದು, ಕಿವಿಯ ಹಿಂದಿನಿಂದ ಚರ್ಮದೊಳಗೇ ಹೊಟ್ಟೆಯವರೆಗೆ ಕೊಳವೆ ಇಳಿಸಿದ್ದರು, ತಲೆಯ ನೀರು ಹೊಟ್ಟೆಗಿಳಿದು ಅಲ್ಲೇ ಇಂಗಿಹೋಗುತ್ತದೆ ಎಂದಿದ್ದರು, ಅಂದಿನಿಂದ ಭಾನುಪ್ರಿಯ ಸೋಮವಾರ ಸೋಮವಾರ ಮಗಳು ರಮ್ಯಾಳ ತಲೆಗೆ ಟೇಪು ಹಿಡಿದಳು, ಹೊಟ್ಟೆಗೆ ಯಾರೂ ಹಿಡಿಯಲಿಲ್ಲ, ಹಿಡಿದದ್ದು ಈ ದಾರ ಒಂದೇ, ಅದು ಮೂರು ಸಲ ಹೇಳಿತು, ಮೂರು ಸಲವೂ ತಾನೇ ಅದರ ಬಾಯಿ ಮುಚ್ಚಿಸಿದಳು. ಸಾವಿರ ಹುಳುವಿನಲ್ಲಿ ಒಂದಕ್ಕೆ ಹಾಲುತೊಂಡೆ ರೋಗ ತಗುಲಿ ಮೈ ಊದಿ ಹೊಳೆದರೆ ದೂರದಿಂದಲೇ ಕಂಡು ಆರಿಸಿ ಎಸೆಯುವ ಕಣ್ಣು, ಬೋರಮ್ಮನ ಕಣ್ಣು ಅಂದ್ರೆ ಕಣ್ಣು ಕಣ್ಲಾ, ಅನ್ನುತ್ತಾರೆ ಊರಿನವರು, ಆ ಕಣ್ಣು ಎಲ್ಲಿತ್ತು. ನೀರು ಇಂಗ್ತಿಲ್ಲಮ್ಮ, ಕೊಳವೆ ತುದೀಲಿ ಚೀಲದ ಹಾಗೆ ಕಟ್ಟಿಕೊಂಡಿದೆ, ಸೋಂಕೂ ಇರಬಹುದು, ಕೊಳವೇನ ಹೊರಗೆ ತೆಗೀಬೇಕಾಗುತ್ತೋ ಏನೋ, ಬೆಂಗಳೂರಿಗೆ ಬರೆದುಕೊಡ್ತೀನಿ, ಊದೋಕೆ ಶುರುವಾಗಿ ಎಷ್ಟು ದಿನ ಆಯ್ತು, ಸರಿಯಾಗಿ ಹೇಳಿ, ಅವರಿಗೆ ಅದು ಮುಖ್ಯ, ಎನ್ನುತ್ತಾರೆ ಡಾಕ್ಟರು. ನಾಕ್ ದಿನ ಸಾರ್, ಎನ್ನುತ್ತಾಳೆ ಭಾನುಪ್ರಿಯ, ಅವಳಿಗೆ ಗೊತ್ತಿರುವುದು ಅಷ್ಟೇ, ವಾಂತಿ ಶುರುವಾಗಿ ನಾಲ್ಕು ದಿನ. ಡಾಕ್ಟರ ಪೆನ್ನು ಕಾಗದಕ್ಕೆ ಇಳಿಯುತ್ತದೆ, ನಾಲ್ಕೆಂದು ಬರೆದರೆ ಬೆಂಗಳೂರಿನವರೂ ನಾಲ್ಕೆಂದೇ ನಂಬುತ್ತಾರೆ, ಎರಡನೇ ಪೊರೆಯಿಂದ ಎಣಿಸಿದರೆ ಇಪ್ಪತ್ತು, ಇಪ್ಪತ್ತೆಂದರೆ ಈ ಸೊಸೆ ಇನ್ನು ಕೂಸನ್ನು ತನ್ನ ಕೈಗೆ ಕೊಡುವಳೇ — ನಾಕಲ್ಲ ಡಾಕ್ಟ್ರೇ, ಯಾರ ದನಿ ಇದು, ತನ್ನದೇ, ಇಪ್ಪತ್ತು ದಿನ, ನಾನೇ ಮೂರ್ ಸಲ ದಾರ ಸಡ್ಲ ಮಾಡಿವ್ನಿ, ಇವ್ಳಿಗೆ ಗೊತ್ತಿಲ್ಲ. ಮುಷ್ಟಿ ಬಿಚ್ಚಿ ದಾರವನ್ನು ಮೇಜಿನ ಮೇಲಿಡುತ್ತಾಳೆ. ಪೆನ್ನು ಹೊಡೆದುಹಾಕುತ್ತದೆ, ಮತ್ತೆ ಬರೆಯುತ್ತದೆ. ಭಾನುಪ್ರಿಯ ತಿರುಗಿ ನೋಡುತ್ತಾಳೆ, ಬಯ್ಯೇ, ಒಂದು ಮಾತು ಬಯ್ಯಬಾರದೆ, ಅವಳು ಕೂಸಿನ ಅಂಗಿಯನ್ನು ಕೆಳಗೆಳೆಯುತ್ತಾಳೆ, ಅಂಗಿ ಸಾಲದೆ ಮೇಲೆ ಸರಿಯುತ್ತದೆ, ಮತ್ತೆ ಎಳೆಯುತ್ತಾಳೆ, ಮತ್ತೆ ಸರಿಯುತ್ತದೆ, ದಾರ ಮೇಜಿನ ಮೇಲಿದೆ, ಆದರೂ ಸೊಂಟದ ಸುತ್ತ, ಕೆಂಪಗೆ, ಒಳಕ್ಕೆ ಕೂತು, ಆ ಗೆರೆ.