ಸಲೂನಿನ ಫೂಸ್‌ಬಾಲ್ ಮೇಜು

ಕಂಬಿ ತಿರುಗಿಸಿ ಪುಟ್ಟ ಫುಟ್‌ಬಾಲ್ ಆಡುವ ಎರಡು ಮೇಜುಗಳನ್ನು ಅವಳು ಆಗಲೇ ಬೇಡವೆಂದಿದ್ದಳು. ಮೊದಲನೆಯದರ ಹಲಗೆ ನಡುವೆ ಕುಸಿದಿತ್ತು. ಚೆಂಡನ್ನು ಎಲ್ಲಿಂದ ಬಿಟ್ಟರೂ ಬಂದು ಆ ತಗ್ಗಿನಲ್ಲೇ ಕೂರುತ್ತಿತ್ತು. ಎರಡನೆಯದರ ಕಂಬಿಗಳಿಗೆ ತುಕ್ಕು ಹಿಡಿದು, ತಿರುಗಿಸಿದರೆ ಹಲ್ಲು ಕಡಿದಂಥ ಸದ್ದು. ಈಗ ಮೂರನೆಯದನ್ನು ನೋಡಲೆಂದು ಭಾನುವಾರ ಮಧ್ಯಾಹ್ನ ಗಂಡ, ಇಬ್ಬರು ಹೆಣ್ಣುಮಕ್ಕಳ ಜೊತೆ ಒಂದು ಸಲೂನಿನ ಹಿಂಬದಿಯ ಕೋಣೆಯಲ್ಲಿ ನಿಂತಿದ್ದಳು.

"ನನ್ನನ್ನ ಮದುವೆಗೆ ಒಪ್ಕೊಳ್ಳೋವಾಗ ನೀನು ಇಷ್ಟೊಂದು ಪರೀಕ್ಷೆ ಮಾಡಿರ್ಲಿಲ್ಲ," ಎಂದ ಗಂಡ.

"ಮಾಡ್ಬೇಕಿತ್ತು," ಎಂದಳು ಅವಳು, ಬಗ್ಗಿ ಮೇಜಿನ ಕಾಲಿನ ತಿರುಪುಗಳನ್ನು ಮುಟ್ಟಿ ನೋಡುತ್ತ.

ಸಲೂನಿನ ಯಜಮಾನ ಹೊಟ್ಟೆ ತುಂಬ ನಕ್ಕ. ಆತನ ಬಾಯಿ ಕತ್ತರಿಗಿಂತ ಚುರುಕು. ಕಾಯುವ ಗಿರಾಕಿಗಳಿಗೆ ಬೇಸರವಾಗದಿರಲೆಂದು ಈ ಮೇಜು ತಂದಿಟ್ಟಿದ್ದನಂತೆ. "ಕೊನೆಗೆ ಏನಾಯ್ತು ಗೊತ್ತಾ ಅಕ್ಕ? ನಿಮ್ಮ ಸರದಿ ಬಂತು ಬನ್ನಿ ಅಂದ್ರೆ, ಇರಪ್ಪಾ ಇನ್ನೊಂದು ಗೋಲು ಅನ್ನೋರು. ಗಡ್ಡ ತೆಗೆಸೋಕೆ ಬಂದೋರು ಗಡ್ಡದ ಸಮೇತ ವಾಪಸ್. ನಾನು ಕುರ್ಚೀಲಿ ಕೂತು ಕನ್ನಡಿಲಿ ನನ್ನ ಮುಖಾನೇ ನೋಡ್ಕೋಬೇಕು!"

ಎಂಟು ಕಂಬಿಗಳಿಗೆ ಪೋಣಿಸಿದ ಪುಟ್ಟ ಮರದ ಆಟಗಾರರಿಗೆಲ್ಲ ಆತ ಬಿಡುವಿನ ವೇಳೆಯಲ್ಲಿ ಬಣ್ಣದಿಂದ ಕೂದಲು ಬರೆದಿದ್ದ. ಒಬ್ಬನಿಗೆ ಗುಂಗುರು, ಒಬ್ಬನಿಗೆ ನಡುಬೈತಲೆ. ಒಂದು ಕಡೆಯ ಗೋಲು ಕಾಯುವವನು ಮಾತ್ರ ಬೋಳು.

"ಇವನಿಗ್ಯಾಕೆ ಕೂದ್ಲಿಲ್ಲ?" ಎಂದಳು ದೊಡ್ಡ ಮಗಳು.

"ಅವನೊಬ್ಬನೇ ತಲೆ ಉಪಯೋಗಿಸೋದು ತಾಯಿ. ಉದುರಿಹೋಯ್ತು."

ದೊಡ್ಡವಳು ನಕ್ಕು ಬಲಗೈಯಿಂದ ಹಿಡಿಕೆಯನ್ನು ಹಿಡಿದಳು. ಮೂರು ಬೆರಳು ಸಲೀಸಾಗಿ ಸುತ್ತಿಕೊಂಡವು. ಉಂಗುರದ ಬೆರಳು, ಕಿರುಬೆರಳು ಅರ್ಧ ಮಡಚಿ ನಿಂತುಬಿಟ್ಟವು. ತಾಯಿ ನೋಟವನ್ನು ಸರಕ್ಕನೆ ಮೇಜಿನ ಕಾಲಿಗೆ ಇಳಿಸಿದಳು.

ಅವಳ ಕೆಲಸ ಔಷಧಿ ಅಂಗಡಿಯಲ್ಲಿ. ಚೀಟಿಯನ್ನು ಎರಡು ಸಲ ಓದದೆ ಒಂದೇ ಒಂದು ಮಾತ್ರೆಯನ್ನೂ ಯಾರ ಕೈಗೂ ಕೊಟ್ಟವಳಲ್ಲ. ಅಂಥವಳು ಎರಡು ತಿಂಗಳ ಹಿಂದೆ ಒಂದು ಬಾಗಿಲನ್ನು ನೋಡದೆ ಹಾಕಿದ್ದಳು. ಸಾಮಾನು ತಂದು ತಾಯಿ, ಮಕ್ಕಳು ಕಾರಿನಿಂದ ಇಳಿದಿದ್ದರು. ಎರಡೂ ಕೈಯಲ್ಲಿ ಚೀಲ. ಹಿಂದಿನ ಬಾಗಿಲನ್ನು, ಎಂದಿನ ರೂಢಿಯಂತೆ, ಸೊಂಟದಿಂದ ತಳ್ಳಿದ್ದಳು. ದೊಡ್ಡವಳ ಕೈ ಬಾಗಿಲ ಸಂದಿನಲ್ಲಿತ್ತು. ಮರುಗಳಿಗೆಯೇ ಎಂಟು ವರ್ಷದ ಚಿಕ್ಕವಳೂ ಓಡಿಬಂದು ಬಾಗಿಲಿಗೆ ಅಂಗೈ ಊರಿದ್ದಳು. ಆಸ್ಪತ್ರೆಯಲ್ಲಿ ಗಂಡ, "ಬಾಗಿಲು ಹಾಕಿದ್ದು ಯಾರು?" ಎಂದು ಕೂಗಿದಾಗ, ಬಿಕ್ಕುತ್ತಿದ್ದ ಚಿಕ್ಕವಳು, "ನಾನು," ಎಂದಿದ್ದಳು. ತಾಯಿ ಬಾಯಿ ತೆರೆಯಲಿಲ್ಲ.

ಮನೆಗೆ ಹೋಗಿ ಹೇಳಿದರಾಯಿತು ಅಂದುಕೊಂಡಳು. ಆಮೇಲೆ, ಕಟ್ಟು ಬಿಚ್ಚಿದ ಮೇಲೆ ಅಂದುಕೊಂಡಳು. ದಿನ ಕಳೆದಂತೆ ಹೇಳುವುದು ಇನ್ನೂ ಕಷ್ಟವಾಯಿತು. ಅಷ್ಟರಲ್ಲಿ ಅವಳ ತಂಗಿ, ಗಾಯ ನೋಡಲು ಬಂದ ದಿನವೇ ಚಿಕ್ಕವಳಿಗೊಂದು ಅಡ್ಡಹೆಸರು ಇಟ್ಟುಬಿಟ್ಟಳು: ಬಾಗಿಲಮ್ಮ. "ಬಂದ್ಳು ಬಾಗಿಲಮ್ಮ, ಎಲ್ರೂ ಕೈ ತೆಗೀರಿ!" ತಮಾಷೆಗೇ. ಹೆಸರು ಅಂಟಿಕೊಂಡಿತು. ಗಂಡನೂ ಕರೆದ, ಅತ್ತೆಯೂ ಕರೆದರು.

ಬೆರಳಿಗೆ ವ್ಯಾಯಾಮ ಹೇಳಿಕೊಡುವವರು, ಹಿಡಿದು ತಿರುಗಿಸುವ ಆಟ ಯಾವುದಾದರೂ ಒಳ್ಳೆಯದು ಎಂದಿದ್ದರು. ಅಂದೇ ಅವಳು ಮಹಡಿಯ ಕೋಣೆ ಖಾಲಿ ಮಾಡಿಸಿ, ಅದನ್ನು ಆಟದ ಕೋಣೆ ಎಂದು ಕರೆಯತೊಡಗಿದಳು. ಮೇಜು ಬಂದರೆ ಇಬ್ಬರೂ ಮಕ್ಕಳು ಆಡುತ್ತಾರೆ, ನಗುತ್ತಾರೆ, ಹೇಳಬೇಕಾದ್ದು ಹೇಳದೆಯೂ ಸರಿಹೋಗುತ್ತದೆ ಎಂಬ ಆಸೆ. ಆದರೆ ಮೇಜು ಎದುರಿಗೆ ಬಂದರೆ ಸಾಕು, ಅದರಲ್ಲೊಂದು ಕುಂದು ಕಾಣುತ್ತಿತ್ತು.

ಚೆಂಡನ್ನು ನಡುವೆ ಇಟ್ಟಳು. ಅದು ಮೆಲ್ಲಗೆ ಮೂಲೆಗೆ ಉರುಳಿತು. ಯಜಮಾನ ಮಂಡಿಯೂರಿ ಒಂದು ಕಾಲಿನ ತಿರುಪನ್ನು ತಿರುವಿದ. ಮತ್ತೆ ಇಟ್ಟಳು, ಚೆಂಡು ಅಲ್ಲೇ ನಿಂತಿತು. ಕಂಬಿಗಳು ನೆಟ್ಟಗಿದ್ದವು, ಬೆಣ್ಣೆಯಲ್ಲಿ ತಿರುಗಿದಂತೆ ತಿರುಗುತ್ತಿದ್ದವು. ಗಂಡ, ದೊಡ್ಡವಳು ಎದುರುಬದುರು ನಿಂತು ಆಟಕ್ಕೇ ಇಳಿದುಬಿಟ್ಟರು.

"ನೀನೂ ಬಾ ಮರಿ," ಎಂದ ಯಜಮಾನ ಚಿಕ್ಕವಳಿಗೆ. "ಒಂದು ಹಿಡಿಕೆ ಹಿಡ್ಕೊ."

ಚಿಕ್ಕವಳು ಗೋಡೆಗೆ ಬೆನ್ನು ಹಚ್ಚಿ, ಎರಡೂ ಕೈಗಳನ್ನು ಹಿಂದೆ ಕಟ್ಟಿಕೊಂಡಿದ್ದಳು. "ಬೇಡ. ನಾನು ಗೋಲು ಎಣಿಸ್ತೀನಿ."

"ಯಾಕೇ ಬಾಗಿಲಮ್ಮ, ಸೋಲ್ತೀಯ ಅಂತ ಭಯಾನಾ?" ಎಂದ ಅಪ್ಪ.

"ಈ ಕಡೆಯಿಂದ ತಳ್ಳಿದ್ರೆ ಕಂಬಿ ಆ ಕಡೆ ಹೊರಗೆ ಬರುತ್ತೆ. ಅಲ್ಲಿ ಅಕ್ಕ ಇರ್ತಾಳೆ." ಚಿಕ್ಕವಳು ಇದನ್ನು ಪಾಠ ಒಪ್ಪಿಸುವಂತೆ ಹೇಳಿದಳು. "ನಾನು ನೋಡದೆ ತಳ್ಳಿಬಿಟ್ರೆ?"

ತಾಯಿ ಕಂಬಿಯ ಆಚೆ ತುದಿಯನ್ನು ನೋಡಿದಳು. ಮಗು ಅದನ್ನು ಕಂಡಿತ್ತು. ಇವಳಿಗಿಂತ ಮೊದಲೇ ಕಂಡಿತ್ತು. ಈ ಕಾಯುವ ಕಣ್ಣು, ಈ ಕಟ್ಟಿಕೊಂಡ ಕೈ ಎಲ್ಲಿಂದ ಬಂತೆಂದು ಅವಳಿಗೆ ಗೊತ್ತಿತ್ತು. ಆದರೂ ಬಾಯಿ ಆಡಿದ್ದು ಬೇರೆಯೇ ಮಾತು.

"ಹೌದಲ್ಲ! ಇದು ಬೇಡ. ಕಂಬಿ ಹೊರಗೆ ಬಾರದಿರೋ ಮೇಜೂ ಸಿಗುತ್ತಂತೆ. ಇನ್ನೊಂದು ನೋಡೋಣ."

ದೊಡ್ಡವಳು ಹಿಡಿಕೆ ಬಿಟ್ಟಳು. "ಅಮ್ಮಾ! ಎಲ್ಲಾ ಸರಿ ಇತ್ತು. ಇವಳು ಬಾಯಿ ತೆಗೆದಿದ್ದಕ್ಕೇ ಬೇಡ ಅಂತಿದ್ದೀಯ." ತಂಗಿಯ ಕಡೆ ತಿರುಗಿದಳು. "ಮೊದಲು ನನ್ನ ಬೆರಳು, ಈಗ ಇದು. ಇನ್ನೇನು ಹಾಳು ಮಾಡ್ಬೇಕು ಅಂತ ಇದ್ದೀಯ?"

ಚಿಕ್ಕವಳು ಅಳಲಿಲ್ಲ. "ಸಾರಿ ಅಕ್ಕ," ಎಂದಳು. ದಿನಾ ಹೇಳಿ ರೂಢಿಯಾದವರ ದನಿ ಅದು.

"ಬಾಗಿಲು ಹಾಕಿದ್ದು ನಾನು," ಎಂದಳು ತಾಯಿ.

ಯಾರಿಗೂ ತಕ್ಷಣ ಅರ್ಥವಾಗಲಿಲ್ಲ. ಯಾವ ಬಾಗಿಲು ಎಂಬಂತೆ ಯಜಮಾನ ಕೋಣೆಯ ಬಾಗಿಲನ್ನು ನೋಡಿದ.

"ಕಾರಿನದು. ಕೈಯಲ್ಲಿ ಚೀಲ ಇತ್ತು, ಸೊಂಟದಿಂದ ತಳ್ಳಿದೆ. ಸಂದಿ ನೋಡ್ಲಿಲ್ಲ. ಇವಳಲ್ಲ."

ಯಜಮಾನ ಒಂದು ಟವೆಲ್ ಎತ್ತಿಕೊಂಡು, ಮಡಚಿದ್ದನ್ನೇ ಮತ್ತೆ ಮಡಚುತ್ತ ಮುಂದಿನ ಕೋಣೆಗೆ ಹೋದ.

"ಎರಡು ತಿಂಗಳು," ಎಂದ ಗಂಡ. ಮುಂದೇನೋ ಹೇಳಹೊರಟವನು ಚಿಕ್ಕವಳನ್ನು ನೋಡಿ ನಿಲ್ಲಿಸಿದ.

"ಇಲ್ಲ, ನಾನೂ ತಳ್ಳಿದ್ದೆ," ಎಂದಳು ಚಿಕ್ಕವಳು, ತನ್ನದೊಂದು ವಸ್ತುವನ್ನು ಯಾರೋ ಕಿತ್ತುಕೊಳ್ಳುತ್ತಿರುವಂತೆ.

"ನಿನ್ನ ಕೈ ತಾಗೋ ಹೊತ್ತಿಗೆ ಬಾಗಿಲು ಬಿದ್ದಾಗಿತ್ತು ಪುಟ್ಟಿ. ನಾನು ನೋಡಿದ್ದೀನಿ. ಅವತ್ತೇ ಹೇಳ್ಬೇಕಿತ್ತು. ನನಗೆ ಭಯ ಆಯ್ತು."

ಚಿಕ್ಕವಳು ತಲೆಯೆತ್ತಿ ಅಮ್ಮನನ್ನು ನೋಡಿದಳು. "ಚಿಕ್ಕಮ್ಮ ಬಾಗಿಲಮ್ಮ ಅಂದಾಗ ನೀನೂ ನಕ್ಕಿದ್ದೆ."

"ಹೌದು," ಎಂದಳು ತಾಯಿ. "ನಕ್ಕಿದ್ದೆ."

ದೊಡ್ಡವಳ ಮುಖ ಕೆಂಪೇರಿತ್ತು. ತಾಯಿಯ ಕಡೆ ನೋಡಲಿಲ್ಲ. ತಂಗಿಯ ತೋಳು ಹಿಡಿದು ಗೋಡೆಯಿಂದ ಬಿಡಿಸಿ ಎಳೆದು ತಂದು ತನ್ನ ಪಕ್ಕದಲ್ಲಿ ನಿಲ್ಲಿಸಿಕೊಂಡಳು. "ಈ ಮೇಜೇ ಬೇಕು," ಎಂದಳು ಅಪ್ಪನಿಗೆ. "ನಾವಿಬ್ರೂ ಒಂದೇ ಕಡೆ. ನೀವಿಬ್ರೂ ಆ ಕಡೆ. ಕಂಬಿ ಬಂದ್ರೆ ನಿಮ್ಮ ಕಡೆಗೇ ಬರ್ಲಿ."

ಗಂಡ ತಲೆಯಾಡಿಸಿ, ಸಾಗಿಸುವ ಬಗ್ಗೆ ಮಾತಾಡಲು ಯಜಮಾನನ ಬಳಿ ಹೋದ. ಹೋಗುವಾಗ ಹೆಂಡತಿಯ ಭುಜ ಮುಟ್ಟಲಿಲ್ಲ. ಬೇರೆ ದಿನವಾಗಿದ್ದರೆ ಮುಟ್ಟುತ್ತಿದ್ದ.

ಚಿಕ್ಕವಳು ಹಿಡಿಕೆಯನ್ನೊಮ್ಮೆ ತಿರುಗಿಸಿ ನೋಡಿದಳು. ಮತ್ತೆ ಬಿಟ್ಟಳು.

"ಅಮ್ಮ, ಅಜ್ಜಿಗೂ ಹೇಳ್ಬೇಕು."

"ಹೇಳ್ತೀನಿ."

"ಯಾವಾಗ?"

'ಸಂಜೆ' ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ನುಂಗಿಕೊಂಡು ಫೋನ್ ತೆಗೆದಳು. ರಿಂಗಾಗುತ್ತಿದ್ದಂತೆ ಚಿಕ್ಕವಳು ಸ್ಟೂಲು ಹತ್ತಿ, ಫೋನಿನ ಬೆನ್ನಿಗೆ ಕಿವಿ ಹಚ್ಚಿದಳು. ಅಷ್ಟು ಹತ್ತಿರ ಅವಳು ಎಷ್ಟೋ ದಿನಗಳಿಂದ ಬಂದಿರಲಿಲ್ಲ.

"ಅತ್ತೆ, ನಾನು. ಹೂಂ, ಎಲ್ರೂ ಚೆನ್ನಾಗಿದ್ದೀವಿ. ನಿಮ್ಮ ಮೊಣಕಾಲು ಹೇಗಿದೆ?"

ಚಿಕ್ಕವಳು ಅವಳ ತೋಳನ್ನು ಚಿವುಟಿದಳು.

"ಅತ್ತೆ, ಕೇಳಿ," ಎಂದಳು ಅವಳು. "ಕಾರಿನ ಬಾಗಿಲ ವಿಷಯ. ನಾನು ನಿಮ್ಮೆಲ್ಲರಿಗೂ ಸುಳ್ಳು ಹೇಳಿದ್ದೆ."

"ಸುಳ್ಳು ಹೇಳ್ಲಿಲ್ಲ," ಪಿಸುಗುಟ್ಟಿದಳು ಚಿಕ್ಕವಳು, ನ್ಯಾಯ ತಪ್ಪಬಾರದೆಂಬಂತೆ. "ಸುಮ್ನಿದ್ದೆ."

"ಸುಮ್ಮನಿದ್ದೆ ಅತ್ತೆ," ಎಂದು ತಿದ್ದಿಕೊಂಡು, ಅವಳು ಮೊದಲಿನಿಂದ ಹೇಳತೊಡಗಿದಳು.