ಬ್ಯಾಟರಿ ಪೆಟ್ಟಿಗೆಯ ಚೀಟಿ

ಬ್ಯಾಟರಿಯ ಟರ್ಮಿನಲ್ಲಿಗೆ ಕಟ್ಟಿದ್ದ ಬಿಳಿ ಪುಡಿಯ ಮೇಲೆ ಸುಷ್ಮಾ ಬಿಸಿನೀರು ಹೊಯ್ದಳು. ನೊರೆ ಎದ್ದಿತು. ಹಳೇ ಬ್ರಷ್ಷಿನಿಂದ ತಿಕ್ಕಿದಳು, ಒರೆಸಿದಳು, ಮತ್ತೆ ಹೊಯ್ದಳು. ತಲೆ ಎತ್ತಲಿಲ್ಲ. ಎತ್ತಿದರೆ ಸುಬ್ಬಣ್ಣ ಮೇಷ್ಟ್ರ ಮುಖ ನೋಡಬೇಕಿತ್ತು.

ರಿಪ್ಪನ್‌ಪೇಟೆಯ ಆ ಸೋಲಾರ್ ಅಂಗಡಿ ಅವಳ ಅಣ್ಣ ಹರ್ಷವರ್ಧನನದು. ಎದುರಿಗೆ ನಿಂತ ವ್ಯಾನು ಮೇಷ್ಟ್ರದು. ತೀರ್ಥಹಳ್ಳಿಯಲ್ಲಿ ರಿಟೈರಾದ ಮೇಲೆ ಹಳೇ ಟೆಂಪೋ ಟ್ರಾವೆಲರ್ ಕೊಂಡು, ಒಳಗೆ ಮಂಚ, ಒಲೆ, ಪುಟ್ಟ ಫ್ರಿಜ್ಜು ಇಡಿಸಿ ಹೆಂಡತಿಯ ಜೊತೆ ಊರೂರು ತಿರುಗಲು ಹೊರಟವರು. ಫ್ರಿಜ್ಜು ಹಾಲು ಮೊಸರಿಗಲ್ಲ, ಸುಬ್ಬಲಕ್ಷ್ಮಮ್ಮನ ಇನ್ಸುಲಿನ್ನಿಗೆ.

"ಈ ಮಳೇಲಿ ಹಿನ್ನೀರಿನ ಹತ್ರ ಎರಡೇ ದಿನ ನಿಲ್ಸಿದ್ದು ಮಾರಾಯ," ಮೇಷ್ಟ್ರು ಹರ್ಷನನ್ನು ತರಾಟೆಗೆ ತೆಗೆದುಕೊಂಡರು. "ಮೂರನೇ ಬೆಳಿಗ್ಗೆ ನೋಡಿದ್ರೆ ಒಲೆ ಪಕ್ಕದ ಫ್ರಿಜ್ಜು ಕಾದು ಬಿಸಿ. ಯಾವಾಗ ನಿಂತಿತ್ತೋ ಏನೋ! ಅಷ್ಟರಲ್ಲಿ ಗೊತ್ತಾಗದೆ ಇವಳು ಕೆಟ್ಟ ಔಷಧಿನೇ ಚುಚ್ಚಿಕೊಂಡಿದ್ಲು. ಸಾಗರದಲ್ಲಿ ಮೂರು ದಿನ ಆಸ್ಪತ್ರೆ. ಇದನ್ನ ಎಂತ ಅಂತ ಫಿಟ್ ಮಾಡಿದ್ದು ನೀನು?"

ಹರ್ಷ ಸುಷ್ಮಾಳ ಕಡೆ ಕೈ ತೋರಿಸಿದ. "ಲೆಕ್ಕ ಹಾಕಿದ್ದು ಇವ್ಳು ಮೇಷ್ಟ್ರೆ. ಎಂಟನೇ ಕ್ಲಾಸಿಗೇ ಸ್ಕೂಲು ಬಿಟ್ಟವ್ಳು. ನಂಬಿ ಕೊಟ್ಟಿದ್ದು ನಂದೇ ತಪ್ಪು. ಹೊಸ ಬ್ಯಾಟರಿ ಹಾಕ್ಕೊಡ್ತೀನಿ, ನಾಳೆನೇ ಹೊರಡಿ."

ಮೇಷ್ಟ್ರು ಸುಷ್ಮಾಳತ್ತ ತಿರುಗಿದರು. "ಏನಮ್ಮ, ಏಳೆಂಟ್ಲಿ ಎಷ್ಟು ಅಂತ ಬರ್ತದಾ ನಿಂಗೆ?"

ಸುಷ್ಮಾ ಬ್ರಷ್ಷನ್ನು ಇನ್ನೂ ಜೋರಾಗಿ ತಿಕ್ಕಿದಳು. ಕಳೆದ ಮಳೆಗಾಲವಿಡೀ ದಿನಾ ಸಂಜೆ ಅಂಗಡಿ ಮಾಡಿನ ಪ್ಯಾನೆಲ್ ಎಷ್ಟು ಕರೆಂಟು ಕೊಟ್ಟಿತೆಂದು ಮೀಟರ್ ನೋಡಿ ಕ್ಯಾಲೆಂಡರಿನಲ್ಲಿ ಬರೆದವಳು ಅವಳು. ಆಷಾಢದಲ್ಲಿ ಇಡೀ ದಿನ ಸೇರಿದರೂ ಎರಡೂವರೆ ಗಂಟೆಯ ಪೂರಾ ಬಿಸಿಲಿಗೆ ಸಮ, ಅಷ್ಟೇ. ಪ್ಯಾನೆಲ್ ಕಂಪನಿಯ ಪಟ್ಟಿಯಲ್ಲಿ ಐದೂವರೆ ಗಂಟೆ ಅಂತ ಇದೆ. ಆ ಪಟ್ಟಿ ಬರೆದವನು ಈ ಊರಲ್ಲಿ ಒಂದು ಸೀರೆ ಒಣಗಿಸಿರಲಿಕ್ಕಿಲ್ಲ.

ಮೇಷ್ಟ್ರ ವ್ಯಾನಿಗೆ ಪ್ಯಾನೆಲ್ ಕೂರಿಸುವ ಮೊದಲೇ ಅವಳು ಅದನ್ನು ಹೇಳಿದ್ದಳು. "ಎರಡು ಪ್ಯಾನೆಲ್ ಬೇಕು ಅಣ್ಣ, ಜಾಗಕ್ಕೆ ಮೇಲಿನ ಲಗೇಜ್ ಕ್ಯಾರಿಯರ್ ತೆಗೀಬೇಕು." ಹರ್ಷ ನಕ್ಕಿದ್ದ. "ಕ್ಯಾರಿಯರ್ ತೆಗೀರಿ ಅಂದ್ರೆ ಗಿರಾಕಿ ಶಿವಮೊಗ್ಗಕ್ಕೆ ಹೋಗ್ತಾರೆ. ನಿಂಗೆ ಹೇಳ್ದಷ್ಟು ಮಾಡು." ಅವತ್ತು ಬಾಯಿ ಮುಚ್ಚಿಕೊಂಡದ್ದು ನೆನೆದು ಅವಳಿಗೆ ಅಣ್ಣನ ಮೇಲಿನಷ್ಟೇ ಸಿಟ್ಟು ತನ್ನ ಮೇಲೂ ಬಂತು.

ವ್ಯಾನಿನ ಮೆಟ್ಟಿಲ ಮೇಲೆ ಸುಬ್ಬಲಕ್ಷ್ಮಮ್ಮ ಕೂತಿದ್ದರು. ಸೂಜಿ ಚುಚ್ಚಿದ ಮುಂಗೈ ನೀಲಿಗಟ್ಟಿತ್ತು. "ಬಿಡಿ ಅಂದ್ರೆ, ಮಗು ಅದು," ಎಂದರು. ಆ ಕನಿಕರ ಸುಷ್ಮಾಳಿಗೆ ಬೈಗಳಿಗಿಂತ ಹೆಚ್ಚು ಉರಿಯಿತು. ನಾಳೆ ಇದೇ ಅಮ್ಮ ಇದೇ ಒಂಟಿ ಪ್ಯಾನೆಲ್ ಹೊತ್ತ ವ್ಯಾನಿನಲ್ಲಿ ಹೊರಡುತ್ತಾರೆ. ಹೊಸ ಬ್ಯಾಟರಿಯಾದರೇನು, ತುಂಬುವವರೇ ಇಲ್ಲದ ಹಂಡೆ!

ಬ್ರಷ್ಷು ಬಿಸಾಡಿ ಎದ್ದಳು. ಪಕ್ಕದಲ್ಲಿದ್ದ ಬ್ಯಾಟರಿ ಪೆಟ್ಟಿಗೆಯ ಮುಚ್ಚಳ ಮಗುಚಿದಳು. ಮುಂದೆ ಯಾರು ರಿಪೇರಿಗೆ ಬಂದರೂ ತಿಳಿಯಲೆಂದು ಪ್ರತಿ ಕೆಲಸದ ಲೆಕ್ಕದ ಚೀಟಿಯನ್ನು ಮುಚ್ಚಳದ ಒಳಬದಿಗೆ ಅಂಟಿಸುವುದು ಅವಳ ರೂಢಿ. ಹರ್ಷನಿಗೆ ಅದು ಮರೆತೇ ಹೋಗಿತ್ತು.

"ಒಳಗಿಡೇ ಅದ್ನ!" ಹರ್ಷ ಗದರಿದ.

ಅವಳು ಇಡಲಿಲ್ಲ. ಮೇಷ್ಟ್ರ ಕಣ್ಣೆದುರು ಹಿಡಿದಳು. ಪೆನ್ಸಿಲ್ಲಿನ ದುಂಡಕ್ಷರ: ಫ್ರಿಜ್ಜು, ಫ್ಯಾನು, ದೀಪ, ದಿನಕ್ಕೆ ಎಂಟುನೂರು ವ್ಯಾಟ್-ಗಂಟೆ. ಬಿಸಿಲು ಎರಡೂವರೆ ಗಂಟೆ. ನಷ್ಟ ಸೇರಿಸಿ ಪ್ಯಾನೆಲ್ ನಾನೂರೈವತ್ತು ವ್ಯಾಟ್. ಅದರ ಮೇಲೆ ಕೆಂಪು ಪೆನ್ನಿನಿಂದ ಅಡ್ಡಗೆರೆ. ಕೆಳಗೆ ಓರೆ ಅಕ್ಷರದಲ್ಲಿ: ಐದೂವರೆ ಗಂಟೆ. ಇನ್ನೂರು ಸಾಕು.

ಮೇಷ್ಟ್ರು ಕನ್ನಡಕ ಸರಿಪಡಿಸಿ ಎರಡು ಸಲ ಓದಿದರು. ಹರ್ಷ ಆನಂದಪುರದ ಕಡೆ ಹೋಗುವ ಬಸ್ಸನ್ನು ನೋಡುತ್ತ ನಿಂತ.

"ಅಣ್ಣ," ಸುಷ್ಮಾಳ ದನಿ ಅವಳಿಗೇ ಹೊಸದಾಗಿತ್ತು, "ಈ ಗೆರೆ ಎಳೆದವರು ಯಾರು ಅಂತ ಈ ಅಮ್ಮನಿಗೆ ಹೇಳು."

ಬಸ್ಸು ಹೋಯಿತು. ಹೊಂಡದ ಕೆಸರುನೀರು ತಿಳಿಯಾಯಿತು.

"ಹೇಳಣ್ಣ."